ಹುಲಿ ತಿನ್ನುವ ಹುಲ್ಲು

ಹುಲಿ ಹಸಿದರೂ ಹುಲ್ಲು ತಿನ್ನದೆಂಬ ಗಾದೆ ಕನ್ನಡದಲ್ಲಿ ಬಹಳ ಹಳೆಯದು. ಮಾನವಂತರಾದವರು ಎಂಥ ಕಷ್ಟದಲ್ಲಿಯೂ ತಮ್ಮ ಘನತೆಗೆ ಕುಂದು ತಂದುಕೊಳ್ಳರೆಂಬುದು ಅದರ ಅಭಿಪ್ರಾಯ. ನೀತಿಯ ದೃಷ್ಟಿಯಿಂದ ಈ ಮಾತು ಒಪ್ಪತಕ್ಕದ್ದೇ. ಆದರೆ ಜೀವಶಾಸ್ತ್ರಜ್ಞನ ಲೆಕ್ಕದ ಪುಸ್ತಕವನ್ನು ತೆರೆದರೆ ಬೇರೊಂದು ಸಂಗತಿ ಕಾಣುತ್ತದೆ. ಹುಲಿಯು ಜನ್ಮವಿಡೀ ತಿನ್ನುವುದು ಹುಲ್ಲನ್ನೇ. ಆ ಹುಲ್ಲು ಜಿಂಕೆಯ ರೂಪದಲ್ಲಿ ಅದರ ಬಾಯಿಗೆ ಬಂದು ಸೇರುತ್ತದೆ, ಅಷ್ಟೇ ವ್ಯತ್ಯಾಸ.

ರಜೆಯ ದಿನಗಳಲ್ಲಿ ನಾಗರಹೊಳೆಯ ಕಾಡನ್ನು ನೋಡಲು ಹೋಗುವ ಸಂಸಾರಗಳ ಅನುಭವ ಸಾಮಾನ್ಯವಾಗಿ ಒಂದೇ ಬಗೆಯದು. ಬೆಳಗಿನ ಮಂಜು ಕರಗುವ ಮೊದಲೇ ವಾಹನವನ್ನೇರಿ ಕಾಡಿನೊಳಗೆ ಎರಡು ಮೂರು ಗಂಟೆ ಸುತ್ತುತ್ತಾರೆ. ಚುಕ್ಕೆ ಜಿಂಕೆಗಳು ಹಿಂಡು ಹಿಂಡಾಗಿ ಕಾಣುತ್ತವೆ. ಮರಗಳ ಮರೆಯಲ್ಲಿ ಕಡವೆಗಳು, ಹುಲ್ಲಿನ ಬಯಲಿನಲ್ಲಿ ಕಾಟಿಗಳು. ಹುಲಿ ಮಾತ್ರ ಇಲ್ಲ. ಹಿಂದಿರುಗುವಾಗ ಮಗುವಿನ ಮುಖ ಬಾಡಿರುತ್ತದೆ.

“ಅಪ್ಪಾ, ಜಿಂಕೆ ಇಷ್ಟೊಂದು ಇರುವಾಗ ಹುಲಿ ಒಂದಾದರೂ ಯಾಕೆ ಕಾಣಲಿಲ್ಲ?”

“ಹುಲಿ ಅಂದರೆ ಸುಮ್ಮನೆಯೇ? ಪೊದೆಯಲ್ಲಿ ಅಡಗಿಕೊಂಡಿರುತ್ತದಪ್ಪ” ಎಂದು ತಂದೆ ಸಮಾಧಾನ ಹೇಳುತ್ತಾನೆ.

ತಂದೆಯ ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಉತ್ತರ. ಅಡಗಿರಲಿ, ಎದುರಿಗೆ ನಿಂತಿರಲಿ, ಹುಲಿಗಳೇ ವಿರಳ. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದ ಕಾಡುಗಳೆಲ್ಲವನ್ನೂ ಸೇರಿಸಿದರೆ ಇದ್ದ ಹುಲಿಗಳು 563. ನಗರದ ಒಂದು ಚಿತ್ರಮಂದಿರದ ಕುರ್ಚಿಗಳೂ ಅಷ್ಟರಿಂದ ತುಂಬಲಾರವು. ಹುಲಿಯನ್ನು ಹಿಡಿದು ತಿನ್ನುವ ಪ್ರಾಣಿ ಕಾಡಿನಲ್ಲಿಲ್ಲ. ಹಾಗಿದ್ದೂ ಹುಲಿಯ ಸಂತತಿ ಜಿಂಕೆಯಂತೆ ತುಂಬಿಕೊಳ್ಳದಿರುವುದೇಕೆ? ಬೇಟೆಗಾರನ ಕೋವಿ ಒಂದು ಕಾರಣ, ಕಾಡಿನ ನಾಶ ಇನ್ನೊಂದು ಕಾರಣ ಎಂಬುದು ನಿಜ. ಆದರೆ ಕೋವಿಯ ಸದ್ದೇ ಕೇಳದ ಕಾಡಿನಲ್ಲಿಯೂ ಹುಲಿಯ ಸಂಖ್ಯೆ ಜಿಂಕೆಯ ಸಂಖ್ಯೆಯನ್ನು ಮುಟ್ಟದು. ಅದಕ್ಕೆ ಕಾರಣವಾದ ಲೆಕ್ಕವೊಂದು ಬೇರೆಯೇ ಉಂಟು.

ಆ ಲೆಕ್ಕದ ಮೊದಲ ಸಾಲನ್ನು ಬರೆದವನು ಹುಲಿಯಿರುವ ನಾಡಿನವನಲ್ಲ. 1921ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ತಂಡವೊಂದು ಉತ್ತರ ಧ್ರುವದ ಸಮೀಪದ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಹೊರಟಿತು. ಅದರಲ್ಲಿ ಚಾರ್ಲ್ಸ್ ಎಲ್ಟನ್ ಎಂಬ 21 ವರ್ಷದ ವಿದ್ಯಾರ್ಥಿಯಿದ್ದನು. ಅಲ್ಲಿ ಎತ್ತರದ ಮರಗಳಿಲ್ಲ, ಜೀವಜಾತಿಗಳೂ ಬಹಳವಿಲ್ಲ. ಆದುದರಿಂದ ಯಾರು ಯಾರನ್ನು ತಿನ್ನುವರೆಂಬುದನ್ನು ಹಿಂಬಾಲಿಸಿ ನೋಡುವುದು ಸುಲಭವಾಗಿತ್ತು. ಧ್ರುವದ ನರಿಯು ಬೇಸಿಗೆಯಲ್ಲಿ ಹಕ್ಕಿಗಳನ್ನು ತಿನ್ನುವುದು; ಹಕ್ಕಿಗಳು ಕೀಟಗಳನ್ನೂ ಎಲೆ ಕಾಯಿಗಳನ್ನೂ ತಿನ್ನುವುವು; ಕೀಟಗಳು ಗಿಡಗಳನ್ನು ತಿನ್ನುವುವು. ಒಂದರ ಬಾಲವನ್ನು ಮತ್ತೊಂದು ಕಚ್ಚಿ ಹಿಡಿದಂತೆ ಒಂದು ಸರಪಳಿ ಏರ್ಪಟ್ಟಿತ್ತು. ಆರು ವರ್ಷಗಳ ಬಳಿಕ, 1927ರಲ್ಲಿ, ಎಲ್ಟನ್ ‘ಅನಿಮಲ್ ಇಕಾಲಜಿ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಸರಪಳಿಯ ಬುಡದಲ್ಲಿರುವ ಜೀವಿಗಳು ಸಾಮಾನ್ಯವಾಗಿ ಚಿಕ್ಕವು, ಆದರೆ ಅಸಂಖ್ಯ. ಮೇಲೆ ಹೋದಂತೆ ಗಾತ್ರ ಹಿಗ್ಗುತ್ತದೆ, ಸಂಖ್ಯೆ ಕುಗ್ಗುತ್ತದೆ. ಈ ಏರ್ಪಾಡಿಗೆ ಆತನು ‘ಸಂಖ್ಯೆಗಳ ಪಿರಮಿಡ್’ ಎಂದು ಹೆಸರಿಟ್ಟನು.

ಈಜಿಪ್ಟಿನ ಪಿರಮಿಡ್ಡನ್ನು ಚಿತ್ರದಲ್ಲಿ ಕಾಣದವರಿಲ್ಲ. ದೇವಾಲಯದ ಗೋಪುರವೂ ಅದೇ ಮಾದರಿಯದು: ಬುಡ ಅಗಲ, ತುದಿ ಕಿರಿದು. ಜೀವಲೋಕದ ಈ ಗೋಪುರದ ನೆಲ ಅಂತಸ್ತಿನಲ್ಲಿ ಹಸುರು ಗಿಡಗಳಿವೆ. ಬಿಸಿಲು, ನೀರು, ಗಾಳಿಗಳಿಂದ ಅನ್ನವನ್ನು ತಯಾರಿಸಬಲ್ಲವು ಬಹುಮಟ್ಟಿಗೆ ಇವೇ ಆದುದರಿಂದ ಇವಕ್ಕೆ ಉತ್ಪಾದಕರೆಂದು ಹೆಸರು. ಎರಡನೆಯ ಅಂತಸ್ತಿನಲ್ಲಿ ಹುಲ್ಲು ಸೊಪ್ಪು ಮೇಯುವ ಜಿಂಕೆ, ಮೊಲ, ಮಿಡತೆಗಳು. ಮೂರನೆಯದರಲ್ಲಿ ಇವನ್ನು ತಿನ್ನುವ ಮಾಂಸಾಹಾರಿಗಳು. ಕೆಲವೆಡೆ ಅವನ್ನೂ ತಿನ್ನುವ ನಾಲ್ಕನೆಯ ಅಂತಸ್ತು. ಸತ್ತ ಎಲೆಯನ್ನೂ ಬಿದ್ದ ಹೆಣವನ್ನೂ ಮಣ್ಣಿಗೆ ಮರಳಿಸುವ ಶಿಲೀಂಧ್ರ, ಸೂಕ್ಷ್ಮಾಣುಗಳು ಎಲ್ಲ ಅಂತಸ್ತುಗಳ ಮನೆಗೆಲಸವನ್ನೂ ಮಾಡುತ್ತ ಪಕ್ಕದಲ್ಲಿರುತ್ತವೆ. ಪ್ರತಿಯೊಂದು ಅಂತಸ್ತಿನ ಅಗಲವನ್ನು ಅಲ್ಲಿರುವ ಜೀವಿಗಳ ಲೆಕ್ಕಕ್ಕೆ ತಕ್ಕಂತೆ ಗೀಚಿದರೆ ಚಿತ್ರ ಪೂರ್ಣವಾಯಿತು.

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ಪ್ರಾಚೀನರು ಮತ್ಸ್ಯನ್ಯಾಯವೆಂದರು. ಅದು ಬಲದ ನ್ಯಾಯ. ಅಲ್ಲಿ ನುಂಗುವವನೇ ಒಡೆಯ. ಪಿರಮಿಡ್ ತೋರಿಸುವುದು ಋಣದ ನ್ಯಾಯ. ಇಲ್ಲಿ ಮೇಲಿರುವವನು ಕೆಳಗಿನವರೆಲ್ಲರ ಸಾಲಗಾರ. ತುದಿಗೆ ಹತ್ತಿರವಾದಷ್ಟೂ ಸಾಲ ಹೆಚ್ಚು.

ನಾಗರಹೊಳೆಯ ಹುಲಿಯ ಸಾಲವೆಷ್ಟೆಂಬುದನ್ನು ಲೆಕ್ಕ ಹಾಕಿದವರೂ ಉಂಟು. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1980ರ ದಶಕದಿಂದ ಅಲ್ಲಿ ಹುಲಿಗಳ ಅಧ್ಯಯನವನ್ನು ನಡೆಸಿದರು. ಒಂದು ಹುಲಿಗೆ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳು ಬೇಕು. ಆದರೆ ಹಿಂಡಿನಲ್ಲಿ 50 ಜಿಂಕೆಗಳಿದ್ದರೆ ಸಾಲದು. ಎಲ್ಲವನ್ನೂ ಮೊದಲ ವರ್ಷವೇ ತಿಂದು ಮುಗಿಸಿದರೆ ಎರಡನೆಯ ವರ್ಷಕ್ಕೆ ಉಪವಾಸ. ಹಿಂಡು ಕರಗದೆ ಉಳಿಯಬೇಕಾದರೆ ಹುಲಿಯು ತೆಗೆದುಕೊಳ್ಳಬಹುದಾದದ್ದು ಸುಮಾರು ಹತ್ತರಲ್ಲಿ ಒಂದು ಪಾಲು. ಹಾಗಾದರೆ ಒಂದು ಹುಲಿಯ ಬೆನ್ನ ಹಿಂದೆ ಸುಮಾರು 500 ಮೇಯುವ ಪ್ರಾಣಿಗಳಿರಬೇಕೆಂದಾಯಿತು. ಈ ಪ್ರಕಾರ 563 ಹುಲಿಗಳಿಗೆ ಬೇಕಾದವು ಎರಡು ಲಕ್ಷ ಎಂಬತ್ತು ಸಾವಿರಕ್ಕೂ ಮೇಲೆ! ಬೇರೆ ಬೇರೆ ಕಾಡುಗಳಲ್ಲಿ ಹುಲಿಗಳ ಸಾಂದ್ರತೆಯು ಬಲಿಪ್ರಾಣಿಗಳ ಸಾಂದ್ರತೆಯನ್ನೇ ಅನುಸರಿಸುವುದೆಂದು ಕಾರಂತರೂ ಅವರ ಸಹೋದ್ಯೋಗಿಗಳೂ 2004ರಲ್ಲಿ ತೋರಿಸಿಕೊಟ್ಟರು.

ತಲೆಯೆಣಿಕೆಯ ಈ ಪಿರಮಿಡ್ಡಿಗೆ ಒಂದು ದೋಷವುಂಟು. ಊರ ಮುಂದಿನ ಒಂದು ಅತ್ತಿಯ ಮರವನ್ನು ನೋಡಬೇಕು. ಮರ ಒಂದೇ, ಅದರ ಹಣ್ಣನ್ನೂ ಎಲೆಯನ್ನೂ ನೆಚ್ಚಿದ ಹಕ್ಕಿಗಳು ನೂರಾರು, ಹುಳುಗಳು ಸಾವಿರಾರು. ತಲೆ ಎಣಿಸಿದರೆ ಇಲ್ಲಿ ಗೋಪುರ ತಲೆಕೆಳಗಾಗಿ ನಿಲ್ಲುತ್ತದೆ. ಮರಕ್ಕೂ ಒಂದು, ಇರುವೆಗೂ ಒಂದು ಎಂದು ಗುರುತು ಹಾಕುವ ಲೆಕ್ಕಕ್ಕೆ ಅರ್ಥವೇನು? ಆದುದರಿಂದ ವಿಜ್ಞಾನಿಗಳು ತಲೆಯೆಣಿಕೆಯನ್ನು ಬಿಟ್ಟು ತೂಕಕ್ಕೆ ತೊಡಗಿದರು. ಒಂದೊಂದು ಅಂತಸ್ತಿನ ಜೀವಿಗಳೆಲ್ಲವನ್ನೂ ಒಟ್ಟಿಗೆ ತೂಗಿದರೆ ದೊರೆಯುವುದು ಜೀವರಾಶಿಯ ಪಿರಮಿಡ್. ಅತ್ತಿಯ ಮರದ ತೂಕದ ಮುಂದೆ ಹಕ್ಕಿ ಹುಳುಗಳ ತೂಕ ಎಷ್ಟರದು? ಗೋಪುರ ಮತ್ತೆ ನೆಟ್ಟಗಾಯಿತು.

ಸಮುದ್ರಕ್ಕೆ ಹೋದರೆ ಈ ತಕ್ಕಡಿಯೂ ಮೋಸ ಮಾಡುತ್ತದೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ವಿಜ್ಞಾನಿಗಳು ತೂಗಿ ನೋಡಿದಾಗ, ಒಂದು ಚದರ ಮೀಟರಿನ ಕೆಳಗೆ ನೀರಿನಲ್ಲಿ ತೇಲುವ ಸೂಕ್ಷ್ಮಸಸ್ಯಗಳ ಒಣತೂಕ ಸುಮಾರು 4 ಗ್ರಾಂ. ಅವನ್ನು ನೆಚ್ಚಿದ ಸಣ್ಣ ಪ್ರಾಣಿಗಳ ತೂಕ ಸುಮಾರು 21 ಗ್ರಾಂ. ಉಣ್ಣುವವರು ಐದು ಪಾಲು, ಊಟ ಒಂದು ಪಾಲು! ಇದು ಹೇಗೆ ಸಾಧ್ಯ?

ಉತ್ತರ ಅಡುಗೆಮನೆಯಲ್ಲಿಯೇ ಇದೆ. ಭಾನುವಾರ ಬೆಳಿಗ್ಗೆ ದೋಸೆಯ ಕಾವಲಿಯ ಮೇಲೆ ಯಾವ ಹೊತ್ತಿಗೆ ನೋಡಿದರೂ ಇರುವುದು ಒಂದೇ ದೋಸೆ. ಸುತ್ತ ಕುಳಿತವರು ಆರು ಮಂದಿ. ಆದರೂ ಎಲ್ಲರ ಹೊಟ್ಟೆಯೂ ತುಂಬುತ್ತದೆ, ಏಕೆಂದರೆ ಒಂದನ್ನು ಎತ್ತುವಷ್ಟರಲ್ಲಿ ಇನ್ನೊಂದನ್ನು ಹುಯ್ದಾಗಿರುತ್ತದೆ. ಕಡಲಿನ ಸೂಕ್ಷ್ಮಸಸ್ಯಗಳೂ ಹಾಗೆಯೇ; ಕೆಲವೇ ದಿನಗಳಲ್ಲಿ ಒಂದು ಎರಡಾಗಿ ಬೆಳೆಯುತ್ತವೆ, ಬೆಳೆದ ಹಾಗೆಯೇ ತಿನ್ನಲ್ಪಡುತ್ತವೆ. ಕಾವಲಿಯ ಮೇಲೆ ಈಗ ಎಷ್ಟಿದೆಯೆಂದು ಕೇಳುವುದಕ್ಕಿಂತ ಬೆಳಗಿನಿಂದ ಎಷ್ಟು ಇಳಿಯಿತೆಂದು ಕೇಳುವುದೇ ಸರಿಯಾದ ಪ್ರಶ್ನೆ. ಅಂದರೆ ಎಣಿಕೆಯೂ ಸಾಲದು, ತೂಕವೂ ಸಾಲದು. ವರ್ಷವಿಡೀ ಒಂದು ಅಂತಸ್ತಿನಿಂದ ಮತ್ತೊಂದಕ್ಕೆ ಹರಿಯುವ ಶಕ್ತಿಯನ್ನು ಅಳೆಯಬೇಕು.

ಈ ದಾರಿಯನ್ನು ತೆರೆದ ತರುಣನ ಕಥೆ ಕರುಣಾಜನಕವಾದುದು. ಅಮೆರಿಕದ ಮಿನ್ನೆಸೋಟದಲ್ಲಿ ಸೆಡಾರ್ ಬಾಗ್ ಎಂಬ ಚಿಕ್ಕದೊಂದು ಸರೋವರವಿದೆ. ಅದರ ಆಳ ಸುಮಾರು ಒಂದು ಮೀಟರು ಮಾತ್ರ. ರೇಮಂಡ್ ಲಿಂಡೆಮನ್ ಎಂಬ ಸಂಶೋಧಕನು ತನ್ನ ಪತ್ನಿ ಎಲಿನರಳೊಡನೆ ಐದು ವರ್ಷ ಆ ಸರೋವರದ ಪಾಚಿ, ಹುಳು, ಮೀನುಗಳನ್ನು ಪರೀಕ್ಷಿಸಿದನು. ಅಲ್ಲಿ ಬಿದ್ದ ಬಿಸಿಲಿನಲ್ಲಿ ಸಾವಿರಕ್ಕೆ ಒಂದು ಪಾಲನ್ನು ಮಾತ್ರ ಗಿಡಗಳು ಹಿಡಿದಿಟ್ಟವು. ಗಿಡಗಳು ಹಿಡಿದ ಶಕ್ತಿಯಲ್ಲಿ ನೂರಕ್ಕೆ ಸುಮಾರು 13 ಪಾಲು ಮೇಯುವ ಜೀವಿಗಳಿಗೆ ದಕ್ಕಿತು. ಈ ಲೆಕ್ಕವನ್ನು ಸಿದ್ಧಾಂತದೊಡನೆ ಹೊಂದಿಸಿ ಬರೆದ ಪ್ರಬಂಧವನ್ನು ‘ಇಕಾಲಜಿ’ ಪತ್ರಿಕೆಗೆ ಕಳುಹಿಸಿದಾಗ, ಅದನ್ನು ಪರಿಶೀಲಿಸಿದ ಇಬ್ಬರು ಹಿರಿಯರು ಪ್ರಕಟಣೆಗೆ ಒಪ್ಪಲಿಲ್ಲ. ಆಧಾರಕ್ಕಿಂತ ಊಹೆ ಹೆಚ್ಚಾಯಿತೆಂಬುದು ಅವರ ಆಕ್ಷೇಪಣೆ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಮಾರ್ಗದರ್ಶಕರಾಗಿದ್ದ ಎವೆಲಿನ್ ಹಚಿನ್‌ಸನ್ನರು ಶಿಷ್ಯನ ಪರವಾಗಿ ವಾದಿಸಿದರು. ಸಂಪಾದಕ ಥಾಮಸ್ ಪಾರ್ಕರು ಕೊನೆಗೆ ಒಪ್ಪಿದರು. ಅಷ್ಟರಲ್ಲಿ ಯಕೃತ್ತಿನ ರೋಗ ಲಿಂಡೆಮನ್ನನನ್ನು ಹಾಸಿಗೆ ಹಿಡಿಸಿತ್ತು. 1942ರ ಜೂನ್ 29ರಂದು, 27 ವರ್ಷ ತುಂಬುವ ಮುನ್ನವೇ, ಆತನು ತೀರಿಕೊಂಡನು. ಪ್ರಬಂಧ ಅಚ್ಚಾಗಿ ಹೊರಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಅದೇ ಇಂದು ಪರಿಸರ ವಿಜ್ಞಾನದ ಆಧಾರಸ್ತಂಭಗಳಲ್ಲೊಂದು.

ಶಕ್ತಿಯ ಲೆಕ್ಕ ಗೃಹಿಣಿಯರಿಗೆ ಹೊಸದಲ್ಲ. ಒಂದನೆಯ ತಾರೀಖು ಕೈಗೆ ಬಂದ ಸಂಬಳದಲ್ಲಿ ಮನೆಬಾಡಿಗೆ, ಹಾಲು, ದಿನಸಿ, ಶಾಲೆಯ ಫೀಜುಗಳನ್ನು ಕಳೆದು ತಿಂಗಳ ಕೊನೆಗೆ ಉಳಿಯುವುದೆಷ್ಟು? ರೂಪಾಯಿಗೆ ಹತ್ತು ಪೈಸೆ ಉಳಿದರೆ ಪುಣ್ಯ. ಈಗ ಆ ಉಳಿತಾಯವೇ ಎರಡನೆಯ ಸಂಸಾರದ ಸಂಬಳವೆಂದೂ, ಅವರು ಉಳಿಸಿದ್ದರಲ್ಲಿ ಮೂರನೆಯ ಸಂಸಾರ ಬದುಕಬೇಕೆಂದೂ ಭಾವಿಸೋಣ. ಮೂರನೆಯ ಮನೆಗೆ ಸಲ್ಲುವುದು ಮೊದಲ ರೂಪಾಯಿಯಲ್ಲಿ ಒಂದೇ ಪೈಸೆ. ಜೀವಲೋಕದಲ್ಲಿ ಹುಲ್ಲು ಮೊದಲನೆಯ ಸಂಸಾರ, ಜಿಂಕೆ ಎರಡನೆಯದು, ಹುಲಿ ಮೂರನೆಯದು. ಜಿಂಕೆ ಮೇದ ಹುಲ್ಲೆಲ್ಲವೂ ಜಿಂಕೆಯ ಮೈಯಾಗುವುದಿಲ್ಲ. ಒಂದಷ್ಟು ಜೀರ್ಣವಾಗದೆ ಹೋಗುತ್ತದೆ. ಉಸಿರಾಟ, ಓಟ, ಮೈಯ ಕಾವು ಇವು ಬಹುಪಾಲನ್ನು ಸುಟ್ಟುಬಿಡುತ್ತವೆ. ಸುಟ್ಟ ಶಕ್ತಿ ಶಾಖವಾಗಿ ಗಾಳಿಯಲ್ಲಿ ಕರಗುತ್ತದೆ. ಅದನ್ನು ಯಾವ ಜೀವಿಯೂ ಮರಳಿ ಹಿಡಿಯಲಾರದು.

1957ರಲ್ಲಿ ಹೊವರ್ಡ್ ಓಡಮ್ ಎಂಬ ವಿಜ್ಞಾನಿ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ನೀರಿನ ಚಿಲುಮೆಯಲ್ಲಿ ಈ ಜಮಾಖರ್ಚನ್ನು ಪೂರ್ತಿಯಾಗಿ ಬರೆದನು. ಒಂದು ಚದರ ಮೀಟರಿನಲ್ಲಿ ಒಂದು ವರ್ಷಕ್ಕೆ ಗಿಡಗಳು ಗಳಿಸಿದ್ದು 20,810 ಕಿಲೊಕ್ಯಾಲೊರಿ. ಗಿಡ ತಿನ್ನುವ ಜೀವಿಗಳ ಪಾಲಿಗೆ ಬಂದದ್ದು 3,368. ಅವನ್ನು ತಿನ್ನುವ ಮಾಂಸಾಹಾರಿಗಳಿಗೆ 383. ಎಲ್ಲಕ್ಕೂ ಮೇಲಿನ ದೊಡ್ಡ ಮೀನುಗಳಿಗೆ 21. ಒಂದು ಸಣ್ಣ ಚಮಚ ಸಕ್ಕರೆಯಲ್ಲಿರುವ ಶಕ್ತಿ ಅಷ್ಟೇ! ಐದನೆಯ ಅಂತಸ್ತನ್ನು ಕಟ್ಟಲು ಅಲ್ಲಿ ಸಾಮಗ್ರಿಯೇ ಉಳಿಯಲಿಲ್ಲ. ಹುಲಿಯನ್ನು ಬೇಟೆಯಾಡಿ ಬದುಕುವ ಪ್ರಾಣಿ ಕಾಡಿನಲ್ಲಿ ಏಕಿಲ್ಲವೆಂಬುದಕ್ಕೂ ಇದೇ ಉತ್ತರ. ಅಂಥ ಪ್ರಾಣಿಯೊಂದಿದ್ದರೆ ಊಟಕ್ಕಾಗಿ ಒಂದು ದೇಶವನ್ನೇ ಸುತ್ತಬೇಕಾದೀತು. ಸಂಖ್ಯೆಯ ಪಿರಮಿಡ್ ತಲೆಕೆಳಗಾಗಬಹುದು, ತೂಕದ ಪಿರಮಿಡ್ ತಲೆಕೆಳಗಾಗಬಹುದು. ತನ್ನ ಗಳಿಕೆಯಲ್ಲೇ ಬಾಳುವ ಜೀವಲೋಕದಲ್ಲಿ ಶಕ್ತಿಯ ಪಿರಮಿಡ್ ಮಾತ್ರ ಎಂದೂ ತಲೆಕೆಳಗಾಗದು. ಕೆಳಗಿನವರು ಗಳಿಸಿದ್ದಕ್ಕಿಂತ ಹೆಚ್ಚನ್ನು ಮೇಲಿನವರು ಉಣ್ಣಲಾರರು.

ಇಷ್ಟನ್ನು ಓದಿ, ಇದೆಲ್ಲ ಕಾಡಿನ ಮಾತು, ಪಟ್ಟಣದವರಿಗೆ ಇದರಿಂದ ಆಗಬೇಕಾದದ್ದೇನು ಎಂದು ಯಾರಾದರೂ ಕೇಳಬಹುದು. ಅಂಥವರು ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಎಂಬ ಸರೋವರದ ವೃತ್ತಾಂತವನ್ನು ಕೇಳಬೇಕು. ಅಲ್ಲಿ ಗುಂಗುರಿನಂಥ ಒಂದು ಹುಳು ವಿಹಾರಕ್ಕೆ ಬಂದವರನ್ನು ಕಾಡುತ್ತಿತ್ತು. ಅದನ್ನು ಕೊಲ್ಲಲು 1949ರಲ್ಲಿಯೂ, ಮತ್ತೆ 1954 ಹಾಗೂ 1957ರಲ್ಲಿಯೂ, ಡಿ.ಡಿ.ಟಿ.ಯ ಸೋದರನಾದ ಡಿ.ಡಿ.ಡಿ. ಎಂಬ ಔಷಧವನ್ನು ನೀರಿಗೆ ಬೆರೆಸಿದರು. ಬೆರೆಸಿದ್ದು ಅತ್ಯಲ್ಪ, ಹತ್ತು ಕೋಟಿ ಪಾಲು ನೀರಿಗೆ ಸುಮಾರು ಎರಡು ಪಾಲು. ಅಷ್ಟರಿಂದ ಯಾರಿಗೆ ಏನಾದೀತೆಂಬ ಧೈರ್ಯ. ಆದರೆ ಆ ಸರೋವರದ ಗ್ರೀಬ್ ಹಕ್ಕಿಗಳು, ಕನ್ನಡನಾಡಿನ ಕೆರೆಗಳಲ್ಲಿ ಮುಳುಗಿ ಏಳುವ ಗುಳುಮುಳುಕನ ನೆಂಟರು, ಸಾಯತೊಡಗಿದವು. ಪರೀಕ್ಷಿಸಿದಾಗ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಲ್ಲಿ ಹತ್ತು ಲಕ್ಷಕ್ಕೆ 5 ಪಾಲು ವಿಷ. ಹಕ್ಕಿಯ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1,600 ಪಾಲು. ನೀರಿನಲ್ಲಿದ್ದುದರ ಎಂಬತ್ತು ಸಾವಿರದಷ್ಟು! ಮೊದಲು ಒಂದು ಸಾವಿರ ಜೋಡಿಗಳಷ್ಟಿದ್ದ ಹಕ್ಕಿಗಳು 1960ರ ವೇಳೆಗೆ ಸುಮಾರು 30 ಜೋಡಿಗಳಿಗೆ ಇಳಿದವು. 1962ರಲ್ಲಿ ರೇಚಲ್ ಕಾರ್ಸನ್ ಎಂಬ ಲೇಖಕಿಯು ‘ಸೈಲೆಂಟ್ ಸ್ಪ್ರಿಂಗ್’ ಎಂಬ ಪುಸ್ತಕದಲ್ಲಿ ಈ ಸಂಗತಿಯನ್ನು ಲೋಕಕ್ಕೆ ಸಾರಿದಳು.

ಕಾರಣ ಪಿರಮಿಡ್ಡಿನಲ್ಲಿಯೇ ಅಡಗಿದೆ. ಅಂತಸ್ತಿನಿಂದ ಅಂತಸ್ತಿಗೆ ಏರುವಾಗ ಶಕ್ತಿ ಸೋರಿಹೋಗುತ್ತದೆ. ಇಂಥ ವಿಷ ಸೋರುವುದಿಲ್ಲ. ಅದು ಕೊಬ್ಬಿನಲ್ಲಿ ಉಳಿಯುತ್ತದೆ. ಸೂಕ್ಷ್ಮಜೀವಿಗಳ ವಿಷ ಅವನ್ನು ತಿಂದ ಮೀನಿನಲ್ಲಿ, ನೂರಾರು ಮೀನುಗಳ ವಿಷ ಒಂದು ಹಕ್ಕಿಯಲ್ಲಿ ಕೂಡುತ್ತದೆ. ಉಳಿತಾಯ ಕರಗುತ್ತ ಬಂದು, ಸಾಲ ಮಾತ್ರ ಬಡ್ಡಿಯೊಡನೆ ಬೆಳೆದು ಕೊನೆಯ ಮನೆಯ ಬಾಗಿಲು ತಟ್ಟಿದಂತಾಯಿತು. ಜಪಾನಿನ ಮಿನಮಾಟದಲ್ಲಿ ಆ ಕೊನೆಯ ಮನೆ ಮನುಷ್ಯರದೇ ಆಗಿತ್ತು. ಕಾರ್ಖಾನೆಯ ಕೊಳಕು ನೀರಿನೊಡನೆ ಕೊಲ್ಲಿಗೆ ಸೇರಿದ ಪಾದರಸದ ಸಂಯುಕ್ತವು ಮೀನು ಚಿಪ್ಪುಗಳಲ್ಲಿ ಕೂಡಿತು. ಅವನ್ನೇ ನಿತ್ಯದ ಆಹಾರವಾಗಿ ಉಂಡ ಬೆಸ್ತರ ಮನೆಗಳಲ್ಲಿ ಕೈಕಾಲು ಸ್ವಾಧೀನ ತಪ್ಪುವ ಭಯಂಕರ ರೋಗ ಕಾಣಿಸಿಕೊಂಡಿತು. 1956ರಲ್ಲಿ ಅದು ಅಧಿಕೃತವಾಗಿ ದಾಖಲಾಯಿತು. ತಾಯಿಯ ಗರ್ಭದಲ್ಲಿದ್ದ ಶಿಶುಗಳನ್ನೂ ಅದು ಬಿಡಲಿಲ್ಲ.

ಅನ್ನ ಸಾರು ಉಂಡೆದ್ದವನು ಆ ಹೊತ್ತಿಗೆ ಪಿರಮಿಡ್ಡಿನ ಎರಡನೆಯ ಅಂತಸ್ತಿನಲ್ಲಿ ಜಿಂಕೆಯ ಪಕ್ಕದಲ್ಲಿ ನಿಂತಿರುತ್ತಾನೆ. ಕಾಳು ತಿಂದ ಕೋಳಿಯನ್ನು ಉಂಡವನು ಮೂರನೆಯದರಲ್ಲಿ, ಮೀನನ್ನು ತಿನ್ನುವ ದೊಡ್ಡ ಮೀನನ್ನು ಉಂಡವನು ಇನ್ನೂ ಮೇಲೆ. ಇದು ಮಡಿ ಮೈಲಿಗೆಯ ಮಾತಲ್ಲ, ಲೆಕ್ಕದ ಮಾತು. ಮೇಲಿನ ಅಂತಸ್ತಿನ ಒಂದು ತುತ್ತಿಗೆ ಕೆಳಗೆ ಹಲವು ತುತ್ತುಗಳ ಖರ್ಚುಂಟು. ಮನುಷ್ಯನು ಯಾವ ಅಂತಸ್ತಿನಲ್ಲಿ ನಿಂತರೂ ಬುಡಕ್ಕೆ ಸುರಿದ ವಿಷ ಅವನನ್ನು ಹುಡುಕಿಕೊಂಡು ಮೇಲೇರಬಲ್ಲದೆಂಬುದೂ ಅದೇ ಲೆಕ್ಕದ ಇನ್ನೊಂದು ಪುಟ.

1973ರಲ್ಲಿ ಭಾರತ ಸರ್ಕಾರವು ಹುಲಿ ಯೋಜನೆಯನ್ನು ಆರಂಭಿಸಿ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಹುಲಿಯನ್ನು ಉಳಿಸುವುದೆಂದರೆ ಹುಲಿಗೆ ಕಾವಲು ನಿಲ್ಲಿಸುವುದಷ್ಟೇ ಅಲ್ಲವೆಂಬುದು ಈಗ ಮನವರಿಕೆಯಾಗಿರಬೇಕು. ಹುಲ್ಲುಗಾವಲನ್ನು ಕಳೆ ಆಕ್ರಮಿಸಿದರೆ, ಜಿಂಕೆಯನ್ನು ಉರುಳು ಹಾಕಿ ಹಿಡಿದರೆ, ಒಂದೇ ಒಂದು ಗುಂಡೂ ಹಾರದೆ ಹುಲಿ ಇಲ್ಲವಾಗುತ್ತದೆ. ಗೋಪುರದ ಕಲಶವನ್ನು ಕಳ್ಳನು ಕದಿಯಬೇಕೆಂದಿಲ್ಲ; ಬುನಾದಿ ಕುಸಿದರೂ ಕಲಶ ನೆಲಕ್ಕೆ ಬೀಳುತ್ತದೆ.

ಈ ಸಂಬಂಧದ ಇನ್ನೊಂದು ಮುಖವನ್ನು ಮಹಾಭಾರತದ ವಿದುರನು ಬಲ್ಲವನಾಗಿದ್ದನು. ಉದ್ಯೋಗಪರ್ವದಲ್ಲಿ ಅವನು ಧೃತರಾಷ್ಟ್ರನ ಮಕ್ಕಳನ್ನು ಕಾಡಿಗೂ ಪಾಂಡವರನ್ನು ಹುಲಿಗಳಿಗೂ ಹೋಲಿಸಿ, ಒಂದನ್ನು ಬಿಟ್ಟು ಮತ್ತೊಂದು ಬಾಳದೆಂದು ಕುರುಡು ದೊರೆಗೆ ಬುದ್ಧಿ ಹೇಳುತ್ತಾನೆ. ದೊರೆ ಕೇಳಲಿಲ್ಲ, ಮುಂದಾದದ್ದು ಎಲ್ಲರಿಗೂ ತಿಳಿದಿದೆ.

ನಾಗರಹೊಳೆಯಿಂದ ಮುಖ ಬಾಡಿಸಿಕೊಂಡು ಹಿಂದಿರುಗುವ ಮಗುವಿಗೆ ತಂದೆಯು ಇನ್ನು ಮುಂದೆ ಪೂರ್ತಿ ಉತ್ತರವನ್ನೇ ಹೇಳಬಹುದು. ಬಯಲಿನಲ್ಲಿ ಮೇಯುತ್ತಿದ್ದ ಆ ಜಿಂಕೆಗಳ ಹಿಂಡು, ಅವುಗಳ ಕಾಲ ಕೆಳಗಿನ ಆ ಹುಲ್ಲು, ಇವು ಇಷ್ಟು ದಟ್ಟವಾಗಿ ಇರುವುದರಿಂದಲೇ ಅಲ್ಲೆಲ್ಲೋ ಪೊದೆಯ ಮರೆಯಲ್ಲಿ ಒಂದು ಹುಲಿ ಮಲಗಿರಲು ಸಾಧ್ಯವಾಯಿತು. ಜಿಂಕೆಯೂ ಕಾಣದೆ, ಹುಲ್ಲೂ ಕಾಣದೆ ಹಿಂದಿರುಗುವ ದಿನ ಬಂದರೆ, ಆಗ ಹುಲಿಯನ್ನು ಕಾಣಲಿಲ್ಲವೆಂದು ಅಳಬೇಕು.